ರಿಪೇರಿಗೆ ಬಂದವರಿಂದಲೇ ಮನೆಗೆ ಹಾನಿಯಾದರೆ ನಷ್ಟ ಕೇಳೋದು ಹೇಗೆ? ಮೊಬೈಲ್ ಫೋಟೋದಿಂದ ಗ್ರಾಹಕ ಆಯೋಗದವರೆಗೆ ಇಲ್ಲಿದೆ ಮಾಹಿತಿ

ಶಿವಮೊಗ್ಗ: ಗೀಸರ್ ಕೂರಿಸಲು ಬಂದ ಪ್ಲಂಬರ್ ಬಾತ್‌ರೂಮ್ ಗೋಡೆಗೆ ಡ್ರಿಲ್ ಹಾಕುತ್ತಾರೆ. ಗೋಡೆಯೊಳಗಿನ ಪೈಪಿಗೆ ತೂತು ಬಿದ್ದದ್ದು ಆಗ ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿಯಿಡೀ ಟ್ಯಾಂಕಿನ ನೀರು ಸೋರಿ, ಬೆಳಗ್ಗೆ ಎದ್ದು ನೋಡಿದರೆ ಹಾಲ್ ತುಂಬಾ ನೀರು. ಕೆಳಗಿನ ಬಟ್ಟೆ ಅಂಗಡಿಯ ಸೀಲಿಂಗ್ ತೊಟ್ಟಿಕ್ಕುತ್ತಿದೆ. ಪ್ಲಂಬರ್‌ಗೆ ಫೋನ್ ಮಾಡಿದರೆ ಬರುವ ಉತ್ತರ: "ಪೈಪ್ ಅಲ್ಲೇ ಹೋಗಿದೆ ಅಂತ ನಂಗೇನ್ ಗೊತ್ತು ಸಾರ್? ನೀವ್ ಹೇಳ್ಬೇಕಿತ್ತು."

ಇದು ಉದಾಹರಣೆಗೆ ಹೇಳಿದ ಮಾತು. ಆದರೆ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಸಾಗರ, ಶಿಕಾರಿಪುರ, ಭದ್ರಾವತಿ, ತೀರ್ಥಹಳ್ಳಿ ಯಾವ ಪೇಟೆಗೆ ಹೋದರೂ ಸಿಗುತ್ತವೆ. ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸುವುದು, ತಾರಸಿಗೆ ವಾಟರ್‌ಪ್ರೂಫಿಂಗ್, ವೈರಿಂಗ್ ಬದಲಾವಣೆ ಅಂತ ಒಂದಲ್ಲ ಒಂದು ರಿಪೇರಿ ಎಲ್ಲರ ಮನೆಯಲ್ಲೂ ಇರುತ್ತದೆ. ಕೊಟ್ಟ ಕೂಲಿ ಸಾವಿರ ರೂಪಾಯಿ, ಆದ ನಷ್ಟ ಹತ್ತಾರು ಸಾವಿರ ಎಂಬ ಸ್ಥಿತಿ ಬಂದಾಗ ಹೆಚ್ಚಿನವರು ಜಗಳ ಮಾಡಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ. ನಷ್ಟ ಕೇಳುವುದಕ್ಕೆ ಕಾನೂನಿನಲ್ಲಿ ದಾರಿ ಇದೆ, ಖರ್ಚೂ ಅಂದುಕೊಂಡಷ್ಟಿಲ್ಲ.

ಮೊದಲ ಒಂದು ಗಂಟೆ ಮುಖ್ಯ

ಹಾನಿ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ನಷ್ಟ ಇನ್ನೂ ಹೆಚ್ಚಾಗದಂತೆ ತಡೆಯುವುದು. ಗೇಟ್ ವಾಲ್ವ್ ಬಂದ್ ಮಾಡಿ. ಕೈ ಒಣಗಿದ್ದು, ನಿಂತ ಜಾಗವೂ ಒಣಗಿದ್ದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ. ಸಾಮಾನುಗಳನ್ನು ಒಣಗಿದ ಜಾಗಕ್ಕೆ ಸಾಗಿಸಿ. ಇದು ಬರೀ ಬುದ್ಧಿಮಾತಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ನಷ್ಟ ಪರಿಹಾರದ ಬಗ್ಗೆ ಹೇಳುತ್ತದೆ. ನಷ್ಟ ಲೆಕ್ಕ ಹಾಕುವಾಗ, ಅದನ್ನು ಕಡಿಮೆ ಮಾಡಲು ಏನು ದಾರಿ ಇತ್ತು ಎಂಬುದನ್ನೂ ನೋಡಬೇಕು ಎಂದು ಅದರ ವಿವರಣೆಯಲ್ಲೇ ಇದೆ. "ಅವನೇ ಬಂದು ನೋಡ್ಲಿ" ಅಂತ ಎರಡು ದಿನ ನೀರು ಹರಿಯಲು ಬಿಟ್ಟರೆ, ಆ ಎರಡು ದಿನದ ನಷ್ಟ ಮಾಲೀಕರ ತಲೆಗೇ ಬರಬಹುದು.

ಎರಡನೆಯದು ಸಾಕ್ಷ್ಯ.

- ಒರೆಸಿ ಸ್ವಚ್ಛ ಮಾಡುವ ಮುಂಚೆ ಫೋಟೋ, ವಿಡಿಯೋ ತೆಗೆಯಿರಿ. ದೂರದಿಂದ ಇಡೀ ಕೋಣೆ, ಹತ್ತಿರದಿಂದ ಹಾನಿಯಾದ ಜಾಗ ಎರಡೂ ಬೇಕು.
- ಒಡೆದ ಪೈಪಿನ ತುಂಡು, ಸುಟ್ಟ ಸ್ವಿಚ್, ಬಿರುಕು ಬಿಟ್ಟ ಟೈಲ್ಸ್ ಎಸೆಯಬೇಡಿ. ಒಂದು ಚೀಲಕ್ಕೆ ಹಾಕಿ ಎತ್ತಿಡಿ.
- ಕೆಲಸಗಾರರಿಗೆ ಫೋನ್ ಮಾಡಿದರೆ ಸಾಲದು. ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಸಮೇತ ಮೆಸೇಜ್ ಹಾಕಿ. "ಬಂದು ನೋಡ್ತೀನಿ" ಎಂಬ ಒಂದು ಸಾಲಿನ ಉತ್ತರವೂ ಮುಂದೆ ದಾಖಲೆಯಾಗುತ್ತದೆ.
- ಹೊಸದಾಗಿ ರಿಪೇರಿ ಮಾಡಿಸುವ ಮುಂಚೆ ಬೇರೆ ಪ್ಲಂಬರ್ ಅಥವಾ ಎಂಜಿನಿಯರ್ ಒಬ್ಬರಿಂದ ಕಾರಣ ಏನೆಂದು ಬರಹದಲ್ಲಿ ಪಡೆಯಿರಿ. "ಡ್ರಿಲ್ ತಾಗಿ ಪೈಪ್ ತೂತಾಗಿದೆ" ಎಂಬ ಸಹಿ ಹಾಕಿದ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.
- ಮೂಲ ಫೋಟೋ, ಮೆಸೇಜ್ ಫೋನಿನಿಂದ ಅಳಿಸಬೇಡಿ. ಸಿವಿಲ್ ಕೋರ್ಟಿಗೆ ಹೋದರೆ ಇಂಥ ಡಿಜಿಟಲ್ ದಾಖಲೆ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಬಿಲ್ ಇಲ್ಲ, ಏನ್ ಮಾಡೋದು?

ತಾಲ್ಲೂಕು ಮಟ್ಟದಲ್ಲಿ ಪ್ಲಂಬರ್, ಗಾರೆಯವರು ಬಿಲ್ ಕೊಡುವುದು ಅಪರೂಪ. ಬಿಲ್ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಯುಪಿಐನಲ್ಲಿ ಹಣ ಕಳಿಸಿದ್ದರೆ ದಿನಾಂಕ, ಮೊತ್ತ, ಪಡೆದವರ ಹೆಸರು ಮೂರೂ ಅದರಲ್ಲೇ ಸಿಗುತ್ತವೆ. ನಗದು ಕೊಟ್ಟಿದ್ದರೆ ಕೆಲಸದ ಬಗ್ಗೆ ಆಡಿದ ಮೆಸೇಜ್, ಕರೆಗಳ ಪಟ್ಟಿ, ಸಾಮಾನು ತಂದ ಹಾರ್ಡ್‌ವೇರ್ ಅಂಗಡಿಯ ಚೀಟಿ, ಕೆಲಸ ನಡೆದದ್ದನ್ನು ಕಂಡ ಅಕ್ಕಪಕ್ಕದವರ ಹೇಳಿಕೆ ನೆರವಿಗೆ ಬರುತ್ತವೆ. ಹಣ ಪೂರ್ತಿ ಕೊಟ್ಟಿರಬೇಕೆಂದೂ ಇಲ್ಲ. ಅರ್ಧ ಕೊಟ್ಟು ಉಳಿದದ್ದನ್ನು ಕೊಡುವುದಾಗಿ ಒಪ್ಪಿದ್ದರೂ ಗ್ರಾಹಕರೇ.

ಎಲ್ಲಾ ಹಾನಿಗೂ ಕೆಲಸಗಾರರೇ ಹೊಣೆಯೇ?

ಅಲ್ಲ. ಆ ಕೆಲಸ ಗೊತ್ತಿರುವ ಒಬ್ಬರು ಸಾಮಾನ್ಯವಾಗಿ ವಹಿಸುವ ಎಚ್ಚರಿಕೆಯನ್ನು ಇವರು ವಹಿಸಿದ್ದರೇ ಎಂಬುದೇ ಇಲ್ಲಿ ಪ್ರಶ್ನೆ.

ನಲ್ಲಿಯ ನೇರಕ್ಕೇ, ಪೈಪ್ ಇರಬಹುದಾದ ಜಾಗದಲ್ಲಿ ವಿಚಾರಿಸದೆ ಡ್ರಿಲ್ ಹಾಕುವುದು, ಮೇನ್ ಆಫ್ ಮಾಡದೆ ವೈರ್ ಮುಟ್ಟುವುದು, ಜಾಯಿಂಟ್ ಸರಿಯಾಗಿ ಬಿಗಿಯದೆ, ನೀರು ಬಿಟ್ಟು ಪರೀಕ್ಷೆ ಮಾಡದೆ ಹೊರಟುಹೋಗುವುದು, ಹಂಚಿನ ಮೇಲೆ ಎಲ್ಲೆಂದರಲ್ಲಿ ಕಾಲಿಟ್ಟು ಒಡೆಯುವುದು ನಿರ್ಲಕ್ಷ್ಯ.

"ಪೈಪ್ ತುಕ್ಕು ಹಿಡಿದಿದೆ, ಮುಟ್ಟಿದ್ರೆ ಮುರಿಯುತ್ತೆ" ಎಂದು ಮೊದಲೇ ಹೇಳಿದ್ದರೂ ಮಾಲೀಕರು "ಪರವಾಗಿಲ್ಲ, ಮಾಡಿ" ಅಂದಿದ್ದರೆ ಮಾತು ಬೇರೆ. ಹಳೇ ಗೋಡೆಯ ಒಂದು ಟೈಲ್ ತೆಗೆಯುವಾಗ ಪಕ್ಕದ ಟೈಲ್ ಬಿರುಕು ಬಿಡುವುದು ಎಷ್ಟೇ ಎಚ್ಚರ ವಹಿಸಿದರೂ ಆಗಬಹುದಾದದ್ದು. ಗೋಡೆಯೊಳಗಿನ ಪೈಪ್ ಎಲ್ಲಿ ಹೋಗಿದೆ ಎಂದು ಗೊತ್ತಿದ್ದೂ ಮಾಲೀಕರು ಹೇಳದಿದ್ದರೆ ಅವರ ಪಾಲೂ ಅದರಲ್ಲಿ ಇದೆ ಎಂದು ಎದುರು ಪಾರ್ಟಿ ವಾದಿಸಬಹುದು.

ಯಾರನ್ನು ಕೇಳಬೇಕು?

*ಒಬ್ಬರೇ ಬಂದು ಕೆಲಸ ಮಾಡಿದ್ದರೆ:* ಅವರನ್ನೇ.

*ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಗುತ್ತಿಗೆ ಹಿಡಿದಿದ್ದರೆ:* ಗುತ್ತಿಗೆ ಹಿಡಿದವರನ್ನು. "ನಮ್ ಹುಡುಗ ಮಾಡಿದ್ದು, ಅವನನ್ನೇ ಕೇಳಿ" ಎಂಬ ಮಾತು ನಡೆಯುವುದಿಲ್ಲ. ತಾವು ಕಳಿಸಿದ ಆಳು ಕೆಲಸದ ವೇಳೆ ಮಾಡಿದ ತಪ್ಪಿಗೆ ಕಳಿಸಿದವರೂ ಹೊಣೆ.

*ಅಂಗಡಿಯಿಂದ ಅಥವಾ ಕಂಪನಿ ಸರ್ವಿಸ್ ಸೆಂಟರ್‌ನಿಂದ ಬಂದಿದ್ದರೆ:* ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಬಹುದು.

*ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ:* ಮೊದಲು ಆ್ಯಪ್‌ನಲ್ಲೇ ದೂರು ಹಾಕಿ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಷರತ್ತಿನಲ್ಲಿ "ವ್ಯಾಜ್ಯ ಬಂದರೆ ಮಧ್ಯಸ್ಥಗಾರರ ಮುಂದೆಯೇ" ಎಂದು ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

*ಬಾಡಿಗೆ ಮನೆಯಾಗಿದ್ದರೆ:* ಕೆಲಸಗಾರರನ್ನು ಕರೆಸಿ ಹಣ ಕೊಟ್ಟವರು ಯಾರು ಎಂಬುದು ಮುಖ್ಯ. ಗೋಡೆ, ನೆಲ ಮಾಲೀಕರದ್ದು. ಟಿವಿ, ಮಂಚ ಬಾಡಿಗೆದಾರರದ್ದು. ಇಬ್ಬರೂ ಕೂತು ಪಟ್ಟಿ ಬೇರೆ ಬೇರೆ ಮಾಡಿಕೊಳ್ಳುವುದು ಒಳ್ಳೆಯದು.

ಎಷ್ಟು ಕೇಳಬಹುದು?

ನಷ್ಟ ಆಗುವ ಮುಂಚೆ ಮನೆ ಹೇಗಿತ್ತೋ ಆ ಸ್ಥಿತಿಗೆ ತರಲು ತಗಲುವ ಖರ್ಚು ಕೇಳಬಹುದು. ಹಳೇ ಮನೆಯನ್ನು ಹೊಸದು ಮಾಡಿಸಿಕೊಳ್ಳುವ ಖರ್ಚನ್ನಲ್ಲ. ಮೇಲಿನ ಗೀಸರ್ ಉದಾಹರಣೆಯನ್ನೇ ತೆಗೆದುಕೊಂಡು, ಅಂದಾಜು ಅಂಕಿ ಹಾಕಿ ನೋಡಿದರೆ:

- ಪೈಪ್ ಬದಲಾವಣೆ, ಒಡೆದ ಟೈಲ್ಸ್ ಕೂರಿಸುವುದು: 6,500 ರೂ.
- ತೇವ ಹಿಡಿದ ಹಾಲ್ ಗೋಡೆಗೆ ಪುಟ್ಟಿ, ಬಣ್ಣ: 9,000 ರೂ.
- ವೈರಿಂಗ್ ತಪಾಸಣೆ: 1,500 ರೂ.
- ನೀರು ಹೋಗಿ ಕೆಟ್ಟ ಟಿವಿ: 10,000 ರೂ.
- ಒಟ್ಟು: 27,000 ರೂ.

ಟಿವಿ ಕೊಂಡಾಗ 40,000 ರೂ. ಇರಬಹುದು. ಆರು ವರ್ಷ ಹಳೆಯದಾದ್ದರಿಂದ ಈಗಿನ ಬೆಲೆಯನ್ನಷ್ಟೇ ಕೇಳುವುದು ನ್ಯಾಯ. "ಹೇಗೂ ಒಡೆದಿದೆಯಲ್ಲ, ಇಡೀ ಬಾತ್‌ರೂಮ್ ಹೊಸ ಟೈಲ್ಸ್ ಹಾಕ್ಸಿಬಿಡೋಣ" ಅಂತ 60,000 ರೂ. ಎಸ್ಟಿಮೇಟ್ ಇಟ್ಟರೆ ಇಡೀ ಕೇಸೇ ಸಡಿಲವಾಗುತ್ತದೆ. ಎರಡು ಕಡೆಯಿಂದ ಎಸ್ಟಿಮೇಟ್ ಬರೆಸಿಕೊಂಡರೆ ಕೇಳುವ ಮೊತ್ತಕ್ಕೆ ತೂಕ ಬರುತ್ತದೆ. ಇದರ ಮೇಲೆ ಕೆಟ್ಟ ಕೆಲಸಕ್ಕೆ ಕೊಟ್ಟ ಕೂಲಿ ವಾಪಸ್, ಮಾನಸಿಕ ಕಿರಿಕಿರಿಗೆ ಪರಿಹಾರ, ದಾವೆ ಖರ್ಚು ಕೂಡ ಗ್ರಾಹಕ ಆಯೋಗದಲ್ಲಿ ಕೇಳಬಹುದು.

ಮೊದಲು ಮಾತು, ಆಮೇಲೆ ಕಾಗದ

ಸಣ್ಣ ಊರಿನಲ್ಲಿ ಇಂದು ಜಗಳವಾಡಿದ ಎಲೆಕ್ಟ್ರಿಷಿಯನ್ ನಾಳೆ ಸಂತೆಯಲ್ಲಿ ಎದುರಾಗುತ್ತಾರೆ. ದಿನಗೂಲಿಯಲ್ಲಿ ಬದುಕುವವರಿಂದ ಒಂದೇ ಸಲಕ್ಕೆ 27,000 ರೂ. ಹುಟ್ಟುವುದು ಕಷ್ಟ ಎಂಬುದೂ ನಿಜ. ಆಯೋಗದ ಆದೇಶ ಕೈಗೆ ಸಿಕ್ಕರೂ ಎದುರಿನವರ ಹತ್ತಿರ ಹಣವೇ ಇಲ್ಲದಿದ್ದರೆ ವಸೂಲಿಗೆ ಮತ್ತೆ ಓಡಾಡಬೇಕು. ಹಾಗಾಗಿ ಕೂಲಿ ಅವರು ಹಾಕಿ, ಸಾಮಾನಿನ ಖರ್ಚು ಇಬ್ಬರೂ ಹಂಚಿಕೊಂಡು, ಉಳಿದದ್ದನ್ನು ಮೂರ್ನಾಲ್ಕು ಕಂತಿನಲ್ಲಿ ಕೊಡುವಂತೆ ಒಪ್ಪಂದ ಆದರೆ ಇಬ್ಬರಿಗೂ ಉಳಿತಾಯ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಏನು ಹಾನಿ, ಎಷ್ಟು ಹಣ, ಯಾವ ದಿನಾಂಕಕ್ಕೆ ಎಂದು ಬರೆದು ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಸಾಲಿಗೆ ಅವಸರದಲ್ಲಿ ಸಹಿ ಬೇಡ. ಗೋಡೆಯ ತೇವ ಹೊರಗೆ ಕಾಣಲು ಕೆಲವು ವಾರ ಬೇಕಾಗುತ್ತದೆ.

ಬಾಕಿ ಕೂಲಿ ಇದ್ದರೆ ತಡೆಹಿಡಿಯಬಹುದೇ? ಹಾನಿಗೆ ಸಂಬಂಧಪಟ್ಟಷ್ಟನ್ನು ತಡೆಹಿಡಿದು, ಯಾಕೆ ಎಂದು ಬರಹದಲ್ಲಿ ತಿಳಿಸುವುದು ಸರಿ. ಸರಿಯಾಗಿ ಮುಗಿದ ಬೇರೆ ಕೆಲಸದ ಕೂಲಿ ಕೊಟ್ಟುಬಿಡಬೇಕು. ಕೆಲಸಗಾರರ ಡ್ರಿಲ್ ಮಷಿನ್, ಬೈಕ್ ಕೀ, ಮೊಬೈಲ್ ಕಿತ್ತಿಟ್ಟುಕೊಳ್ಳುವುದು, ಕೂಡಿಹಾಕಿ ಹೆದರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ನಷ್ಟ ಅನುಭವಿಸಿದವರ ಮೇಲೆಯೇ ಪೊಲೀಸ್ ಕೇಸ್ ಆಗಲು ಅಷ್ಟು ಸಾಕು.

ನೋಟಿಸ್ ಹೀಗಿರಲಿ

ಮಾತಿಗೆ ಬಗ್ಗದಿದ್ದರೆ ಒಂದು ಪುಟದ ನೋಟಿಸ್ ಕಳಿಸಿ. ವಕೀಲರೇ ಬರೆಯಬೇಕೆಂದಿಲ್ಲ. ಉದಾಹರಣೆಗೆ:

"ದಿನಾಂಕ ____ ರಂದು ನಮ್ಮ ಮನೆಯಲ್ಲಿ ಗೀಸರ್ ಕೂರಿಸುವ ಕೆಲಸವನ್ನು ನೀವು ಮಾಡಿದ್ದು, ಅದಕ್ಕೆ ____ ರೂ. ಪಡೆದಿರುತ್ತೀರಿ. ಆ ವೇಳೆ ಗೋಡೆಯೊಳಗಿನ ನೀರಿನ ಪೈಪಿಗೆ ಹಾನಿಯಾಗಿ, ಮನೆಗೆ ____ ರೂ. ನಷ್ಟವಾಗಿದೆ. ಫೋಟೋ ಮತ್ತು ಎಸ್ಟಿಮೇಟ್ ಪ್ರತಿ ಲಗತ್ತಿಸಿದೆ. ಈ ಪತ್ರ ತಲುಪಿದ 15 ದಿನದೊಳಗೆ ಸ್ಥಳಕ್ಕೆ ಬಂದು ಪರಿಶೀಲಿಸಿ ನಷ್ಟ ಭರಿಸಬೇಕು. ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಲಾಗುವುದು."

ಅಂಚೆ ಮೂಲಕ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಗ್ರಾಹಕ ಆಯೋಗಕ್ಕೆ ಹೋಗುವ ಮುಂಚೆ ನೋಟಿಸ್ ಕೊಡಲೇಬೇಕು ಎಂಬ ನಿಯಮ ಇಲ್ಲ. ಆದರೆ ಎಷ್ಟೋ ವಿಷಯ ಈ ಹಂತದಲ್ಲೇ ಮುಗಿಯಬಹುದು.

ಎದುರಿನವರು ಕಂಪನಿ ಅಥವಾ ಆ್ಯಪ್ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ.

ಜಿಲ್ಲಾ ಗ್ರಾಹಕ ಆಯೋಗ: ಶುಲ್ಕ ಸೊನ್ನೆ

2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಹಣ ಪಡೆದು ಮಾಡಿದ ಸೇವೆಯಲ್ಲಿ ನಿರ್ಲಕ್ಷ್ಯದಿಂದ ನಷ್ಟವಾದರೆ ಅದು ಸೇವಾ ನ್ಯೂನತೆ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಗೊತ್ತಿರಬೇಕಾದ ಅಂಶಗಳು:

- ಶುಲ್ಕ: ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ಲೆಕ್ಕ. ಕೊಟ್ಟದ್ದು 5 ಲಕ್ಷ ರೂ. ಒಳಗಿದ್ದರೆ ಶುಲ್ಕ ಇಲ್ಲ. 1,200 ರೂ. ಕೂಲಿ ಕೊಟ್ಟು 3 ಲಕ್ಷ ರೂ. ನಷ್ಟವಾಗಿದ್ದರೂ ಶುಲ್ಕ ಸೊನ್ನೆಯೇ. ಕೊಟ್ಟ ಹಣ 50 ಲಕ್ಷ ರೂ. ವರೆಗಿನ ಪ್ರಕರಣ ಜಿಲ್ಲಾ ಆಯೋಗಕ್ಕೇ ಬರುತ್ತದೆ.
- ಅವಧಿ: ಹಾನಿಯಾದ ದಿನದಿಂದ 2 ವರ್ಷದೊಳಗೆ. ತಡವಾದರೆ ಸರಿಯಾದ ಕಾರಣ ತೋರಿಸಬೇಕು.
- ಎಲ್ಲಿ: ದೂರುದಾರರು ವಾಸವಿರುವ ಜಿಲ್ಲೆಯಲ್ಲೇ. ಕಂಪನಿ ಬೆಂಗಳೂರಲ್ಲಿದ್ದರೂ ಸೊರಬದವರು ಶಿವಮೊಗ್ಗದಲ್ಲಿ ದೂರು ಕೊಡಬಹುದು.
- ಹೇಗೆ: ಖುದ್ದಾಗಿ ಅಥವಾ ಇ-ಜಾಗೃತಿ ಪೋರ್ಟಲ್ ಮೂಲಕ. ವಕೀಲರು ಕಡ್ಡಾಯವಲ್ಲ. ಕೋರಿಕೊಂಡರೆ ವಿಡಿಯೋ ಮೂಲಕ ಹಾಜರಾಗಲೂ ಕಾಯ್ದೆಯಲ್ಲಿ ಅವಕಾಶ ಇದೆ.
- ಏನು ಕೊಡಬೇಕು: ನಡೆದದ್ದನ್ನು ದಿನಾಂಕ ಪ್ರಕಾರ ಬರೆದ ದೂರು, ಪ್ರಮಾಣಪತ್ರ, ಫೋಟೋ, ಹಣ ಕೊಟ್ಟ ದಾಖಲೆ, ಎಸ್ಟಿಮೇಟ್, ನೋಟಿಸ್ ಪ್ರತಿ.
- ಎಷ್ಟು ದಿನ: ಎದುರುದಾರರು 30 ದಿನದಲ್ಲಿ ಉತ್ತರಿಸಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ಸಾಧ್ಯವಾದಷ್ಟು 3 ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಹಿಡಿಯುವುದೂ ಇದೆ. ನಡುವೆ ಇಬ್ಬರೂ ಒಪ್ಪಿದರೆ ಸಂಧಾನಕ್ಕೂ ಕಳಿಸಬಹುದು.
- ಆದೇಶ ಪಾಲಿಸದಿದ್ದರೆ: 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000 ರೂ. ಯಿಂದ 1 ಲಕ್ಷ ರೂ. ವರೆಗೆ ದಂಡ, ಅಥವಾ ಎರಡೂ.

ಗಮನಿಸಿ: ಪರಿಚಯದ ಮೇಲೆ ಪುಕ್ಕಟೆ ಮಾಡಿಕೊಟ್ಟ ಕೆಲಸ ಈ ಕಾಯ್ದೆಯಡಿ ಬರುವುದಿಲ್ಲ. ಸಂಬಳಕ್ಕಿಟ್ಟುಕೊಂಡ ಮನೆಯಾಳಿನ ಕೆಲಸವೂ ಬರುವುದಿಲ್ಲ.

ಅಂಗಡಿಯವರಿಗೆ ಬೇರೆ ಲೆಕ್ಕ

ಗೀಸರ್ ಉದಾಹರಣೆಯಲ್ಲಿ ಕೆಳಗಿನ ಬಟ್ಟೆ ಅಂಗಡಿಯವರ ಗತಿ ಏನು? ಪ್ಲಂಬರ್‌ನನ್ನು ಕರೆಸಿದ್ದು, ಹಣ ಕೊಟ್ಟದ್ದು ಮೇಲಿನ ಮನೆಯವರು. ಹಾಗಾಗಿ ಅಂಗಡಿಯವರು ಆ ಪ್ಲಂಬರ್‌ಗೆ ಗ್ರಾಹಕರಲ್ಲ, ಗ್ರಾಹಕ ಆಯೋಗ ಅವರ ದಾರಿಯಲ್ಲ. ನಿರ್ಲಕ್ಷ್ಯದಿಂದ ನಷ್ಟವಾಗಿದೆ ಎಂದು ಸಿವಿಲ್ ಕೋರ್ಟಿನಲ್ಲಿ ಪ್ಲಂಬರ್ ಮತ್ತು ಮೇಲಿನ ಮನೆಯವರು ಇಬ್ಬರನ್ನೂ ಸೇರಿಸಿ ದಾವೆ ಹೂಡಬಹುದು. ಯಾರ ಪಾಲು ಎಷ್ಟು ಎಂದು ಕೋರ್ಟ್ ತೀರ್ಮಾನಿಸುತ್ತದೆ.

ಅಂಗಡಿಯೊಳಗೇ ಮಾಡಿಸಿದ ರಿಪೇರಿಯಲ್ಲಿ ಹಾನಿಯಾದರೂ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಎದುರುದಾರರು ಮೊದಲು ಎತ್ತುವ ತಕರಾರು ಅದೇ ಆಗಿರುತ್ತದೆ. ವಕೀಲರನ್ನು ಕೇಳಿ, ಸಿವಿಲ್ ದಾವೆ ಒಳ್ಳೆಯದೋ ಎಂದು ನೋಡಿ ಮುಂದುವರಿಯುವುದು ಜಾಣತನ. ಕರಾರು ಮುರಿದದ್ದಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಗೆ 3 ವರ್ಷ ಅವಧಿ ಇದೆ.

ಅಂಗಡಿಯವರು ನೆನಪಿಡಬೇಕಾದ ಇನ್ನೊಂದು ವಿಷಯ ಸ್ಟಾಕ್. ಎಷ್ಟು ಮಾಲು ನೆನೆಯಿತು ಎಂಬುದಕ್ಕೆ ಖರೀದಿ ಬಿಲ್, ಸ್ಟಾಕ್ ಪುಸ್ತಕ ಬೇಕು. ನೆನೆದ ಮಾಲನ್ನು ಎಣಿಸಿ, ಫೋಟೋ ತೆಗೆದು, ಇಬ್ಬರ ಎದುರು ಪಟ್ಟಿ ಮಾಡುವ ತನಕ ವಿಲೇವಾರಿ ಮಾಡಬೇಡಿ.

ಲೋಕ ಅದಾಲತ್, ಉಚಿತ ಕಾನೂನು ನೆರವು

ಕೇಸ್ ಹಾಕುವ ಮುಂಚೆಯೇ ವಿಷಯವನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ತಾಲ್ಲೂಕು ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಎದುರಿನವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಕಡಿಮೆ ಆದಾಯದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಈ ನೆರವು ನಷ್ಟ ಕೇಳುವವರಿಗೆ ಇದ್ದಂತೆ ಆರೋಪ ಹೊತ್ತ ಕೆಲಸಗಾರರಿಗೂ ಇದೆ.

ಪೊಲೀಸ್ ಠಾಣೆಗೆ ಹೋಗಬಹುದಾ?

ಕೈತಪ್ಪಿ ಆದ ಹಾನಿಗೆ ಠಾಣೆ ದಾರಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂನಡಿ ಆಸ್ತಿಗೆ ಹಾನಿ ಅಪರಾಧ ಆಗಬೇಕಾದರೆ ಬೇಕೆಂದೇ ಅಥವಾ ಹಾನಿಯಾಗುತ್ತದೆ ಎಂದು ಗೊತ್ತಿದ್ದೇ ಮಾಡಿರಬೇಕು. ಉಳಿದದ್ದಕ್ಕೆ "ಇದು ಸಿವಿಲ್ ಸ್ವರೂಪದ್ದು" ಎಂಬ ಹಿಂಬರಹ ಸಿಗುತ್ತದೆ. ಕಳ್ಳತನ, ಬೆದರಿಕೆ, ಹಲ್ಲೆ ಇದ್ದರೆ ಠಾಣೆಗೆ ಹೋಗಬೇಕು. ಬೆಂಕಿ ಬಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕದವರ ವರದಿ ವಿಮೆಗೆ ಬೇಕಾಗುತ್ತದೆ.

ವಿಮೆ ಇದೆಯಾ ನೋಡಿ

ಗೃಹಸಾಲ ತೆಗೆಯುವಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿರಬಹುದು. ಬಹಳ ಜನ ಅದನ್ನು ತೆರೆದೂ ನೋಡಿರುವುದಿಲ್ಲ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ನೀರಿನ ಟ್ಯಾಂಕ್ ಮತ್ತು ಪೈಪ್ ಒಡೆದು ಆಗುವ ಹಾನಿ ಸೇರಿದೆ. ಸಣ್ಣ ಅಂಗಡಿಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಇದೆ. ರಿಪೇರಿ ವೇಳೆಯ ಹಾನಿಗೆ ಏನು ಷರತ್ತು ಎಂದು ಪಾಲಿಸಿಯಲ್ಲೇ ಓದಿ, ಕೂಡಲೇ ವಿಮಾ ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವ ಮುಂಚೆ ಎಲ್ಲಾ ಸರಿ ಮಾಡಿಸಿಬಿಟ್ಟರೆ ಕ್ಲೇಮ್‌ಗೆ ತೊಂದರೆ.

ಕೆಲಸ ಶುರುವಿಗೆ ಮುಂಚೆ ಐದು ನಿಮಿಷ

- ಏನು ಕೆಲಸ, ಎಷ್ಟು ಹಣ, ಹಾನಿಯಾದರೆ ಯಾರು ಹೊಣೆ ಎಂದು ಒಂದು ಮೆಸೇಜ್ ಹಾಕಿ, "ಸರಿ" ಎಂಬ ಉತ್ತರ ಪಡೆಯಿರಿ.
- ಕೆಲಸ ನಡೆಯುವ ಜಾಗದ ಫೋಟೋ ಮೊದಲೇ ತೆಗೆದಿಡಿ.
- ಪೈಪ್, ವೈರ್ ಎಲ್ಲಿ ಹೋಗಿದೆ ಎಂದು ಗೊತ್ತಿದ್ದಷ್ಟು ತೋರಿಸಿ. ಹೊಸ ಮನೆ ಕಟ್ಟುವವರು ಪ್ಲಾಸ್ಟರಿಂಗ್‌ಗೆ ಮುಂಚೆ ಎಲ್ಲಾ ಗೋಡೆಯ ಫೋಟೋ ತೆಗೆದಿಟ್ಟರೆ ಮುಂದೆ ಎಷ್ಟೋ ಕಾಲ ಉಪಯೋಗಕ್ಕೆ ಬರುತ್ತದೆ.
- ವೈರಿಂಗ್ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ.
- ಕೆಲಸ ಮುಗಿದ ಮೇಲೆ ನೀರು ಬಿಟ್ಟು, ಸ್ವಿಚ್ ಹಾಕಿ, ಇಬ್ಬರೂ ಕೂಡಿ ಪರೀಕ್ಷಿಸಿ. ಕೊನೆಯ ಕಂತು ಆಮೇಲೆ ಕೊಡಿ.

ಈ ಐದು ನಿಮಿಷ ಕೆಲಸಗಾರರಿಗೂ ಲಾಭವೇ. ಮಾಡದ ತಪ್ಪನ್ನು ತಲೆಗೆ ಕಟ್ಟಿದಾಗ, ಮೊದಲಿನ ಫೋಟೋ ಮತ್ತು ಆ ಒಂದು ಮೆಸೇಜ್ ಅವರ ಪರವಾಗಿಯೂ ಸಾಕ್ಷಿ ಹೇಳುತ್ತವೆ.